ಅಳಿವೆಯ ದಂಡೆಯಲ್ಲಿ ಹಕ್ಕಿ ನೋಡುವ ಕ್ರಮ: ಕರ್ನಾಟಕ ಕರಾವಳಿಗೊಂದು ಸಮಗ್ರ ಮಾರ್ಗದರ್ಶಿ

ಕಾರವಾರದ ಆಚೆಯ ಮಾಜಾಳಿಯಿಂದ ಮಂಗಳೂರಿನ ಈಚೆಯ ತಲಪಾಡಿಯವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಚಾಚಿರುವ ನಮ್ಮ ಕರಾವಳಿಯಲ್ಲಿ ಹಕ್ಕಿ ನೋಡಲು ಹೊರಡುವವರು ಸಾಮಾನ್ಯವಾಗಿ ಒಂದೇ ದಿನದಲ್ಲಿ ನಾಲ್ಕೈದು ಕಡಲತೀರಗಳನ್ನು ಸುತ್ತಿ ಬರುವ ಯೋಜನೆ ಹಾಕಿಕೊಳ್ಳುತ್ತಾರೆ. ಹಲವು ವರ್ಷ ಈ ತೀರದಲ್ಲಿ ಓಡಾಡಿದ ಮೇಲೆ ನಾನು ಹೇಳುವುದು ಇದಕ್ಕೆ ವಿರುದ್ಧವಾದ ಮಾತು. ಎರಡು ಕಿಲೋಮೀಟರಿನಷ್ಟು ಉದ್ದದ ಒಂದೇ ಒಂದು ದಂಡೆಯನ್ನು ಆರಿಸಿಕೊಳ್ಳಿ, ಅದಕ್ಕೆ ಒಂದು ಅಳಿವೆ ಸೇರಿರುವಂತೆ ನೋಡಿಕೊಳ್ಳಿ, ಮತ್ತು ಒಂದು ಪೂರ್ತಿ ವರ್ಷ ನೀರಿನ ಏರಿಳಿತವನ್ನು ಲೆಕ್ಕ ಹಾಕಿ ಅಲ್ಲಿಗೇ ಮರಳಿ ಮರಳಿ ಹೋಗಿ. ಕಡಲಂಚಿನ ಹಕ್ಕಿಗಳು ಗಡಿಯಾರಕ್ಕಿಂತ ಹೆಚ್ಚಾಗಿ ಭರತ-ಇಳಿತವನ್ನು ಅನುಸರಿಸಿ ಬದುಕುತ್ತವೆ. ಆ ಲಯ ನಿಮಗೆ ಹಿಡಿತಕ್ಕೆ ಬಂದರೆ ಮುಂದಿನ ಕೆಲಸವೆಲ್ಲ ಹಗುರವಾಗುತ್ತದೆ.

ದಂಡೆಯನ್ನು ಆರಿಸುವುದು

ಬರಿಯ ಮರಳಿನ ಉದ್ದನೆಯ ಕಡಲತೀರ ನೋಡಲು ಚೆಂದವಾದರೂ ಅಲ್ಲಿ ಹಕ್ಕಿಗಳ ವೈವಿಧ್ಯ ಕಡಿಮೆ. ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿಗೆ ಸೇರುವ ಅಳಿವೆಯಲ್ಲಿ ಕೆಸರು, ಮರಳ ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಬಂಡೆ ಮತ್ತು ತೆರೆದ ನೀರು ಒಟ್ಟಿಗೇ ಸಿಗುತ್ತವೆ. ಕೆಸರಿನೊಳಗಿನ ಹುಳು, ಏಡಿ, ಚಿಪ್ಪಿನ ಜೀವಿಗಳೇ ಇಲ್ಲಿನ ಹಕ್ಕಿಗಳ ಊಟವಾದ್ದರಿಂದ, ಇಳಿತದ ಹೊತ್ತಿನಲ್ಲಿ ಊರವರು ಬಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕುವ ಜಾಗ ಯಾವುದೆಂದು ಕೇಳಿ ತಿಳಿದುಕೊಂಡರೆ ಹಕ್ಕಿಗಳು ಎಲ್ಲಿ ಸೇರುತ್ತವೆಂಬುದೂ ಬಹುಮಟ್ಟಿಗೆ ತಿಳಿದಂತೆಯೇ.

ಉತ್ತರದಿಂದ ಹೇಳುವುದಾದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ, ಕೋಡಿ ಬೆಂಗ್ರೆಯ ಸೀತಾ-ಸುವರ್ಣಾ, ಸಸಿಹಿತ್ಲುವಿನ ಶಾಂಭವಿ-ನಂದಿನಿ, ಮಂಗಳೂರಿನ ನೇತ್ರಾವತಿ-ಗುರುಪುರ ಹೊಳೆಗಳ ಅಳಿವೆಗಳೆಲ್ಲ ಒಳ್ಳೆಯ ಜಾಗಗಳೇ. ಇವುಗಳಲ್ಲಿ ಅಘನಾಶಿನಿಗೆ ನಾನು ಮೊದಲ ಮಣೆ ಹಾಕುತ್ತೇನೆ. ಅಣೆಕಟ್ಟಿಲ್ಲದೆ ಹರಿದು ಬರುವ ಈ ನದಿಯ ಅಳಿವೆಯ ಸುಮಾರು 4,801 ಹೆಕ್ಟೇರ್ ಪ್ರದೇಶವನ್ನು 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂದು, ಘೋಷಿಸಲಾಯಿತು. ತದಡಿಯ ದಂಡೆಯ ಕೆಸರು ಬಯಲು, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಎಂಬ ಉಪ್ಪುನೀರಿನ ಗದ್ದೆಗಳು, ಸಾಣಿಕಟ್ಟಾದ ಉಪ್ಪಿನ ಆಗರಗಳು ಒಂದಕ್ಕೊಂದು ಹತ್ತಿರವಿರುವುದರಿಂದ ನೀರು ಏರಿದಾಗ ಹಕ್ಕಿಗಳಿಗೆ ಕೂರಲು ಬೇರೆ ಜಾಗಗಳೂ ಇಲ್ಲಿವೆ. ಆಗರದ ಒಡ್ಡುಗಳ ಮೇಲೆ ನಡೆಯುವ ಮೊದಲು ಅಲ್ಲಿ ಕೆಲಸ ಮಾಡುವವರ ಒಪ್ಪಿಗೆ ಕೇಳುವುದನ್ನು ಮರೆಯಬಾರದು. ಒಡ್ಡು ಕುಸಿದರೆ ಅವರ ಹಲವು ದಿನಗಳ ದುಡಿಮೆ ನೀರುಪಾಲಾಗುತ್ತದೆ.

ಆದರೂ ನಿಮ್ಮ ಮನೆಗೆ ಹತ್ತಿರದ ಅಳಿವೆಯೇ ನಿಮಗೆ ಉತ್ತಮ, ಏಕೆಂದರೆ ಈ ಕ್ರಮದ ಜೀವಾಳವೇ ಪದೇ ಪದೇ ಹೋಗುವುದರಲ್ಲಿದೆ.

ಭರತ-ಇಳಿತದ ಲೆಕ್ಕ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ ಹಿಡಿಯುವುದರಿಂದ ಪ್ರತಿದಿನವೂ ಅದು ಹಿಂದಿನ ದಿನಕ್ಕಿಂತ ಸರಾಸರಿ 50 ನಿಮಿಷ ತಡವಾಗಿ ಬರುತ್ತದೆ. ಇದರಿಂದ ಒಂದು ಉಪಯೋಗವಿದೆ. ಈ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಿಮಗೆ ಹಿತವಾದ ನೀರಿನ ಮಟ್ಟ ಸಿಕ್ಕಿದ್ದರೆ, ಸುಮಾರು ಹದಿನೈದು ದಿನ ಕಳೆದ ಮೇಲೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಮಟ್ಟ ಮತ್ತೆ ಸಿಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಪಂಚಾಂಗ ನೋಡುವ ಅಭ್ಯಾಸವಿರುವ ಮನೆಗಳಲ್ಲಿ ಇದಕ್ಕೆ ಬೇರೆ ಪುಸ್ತಕವೇ ಬೇಕಿಲ್ಲ. ನಿಖರವಾದ ಸಮಯ ಬೇಕಾದವರು ಹೈದರಾಬಾದಿನಲ್ಲಿರುವ, ಸಮುದ್ರದ ಮಾಹಿತಿ ಒದಗಿಸುವ ಸರ್ಕಾರಿ ಸಂಸ್ಥೆಯಾದ ಇನ್‌ಕಾಯಿಸ್ ಪ್ರಕಟಿಸುವ ಮುನ್ಸೂಚನೆಗಳನ್ನು ನೋಡಬಹುದು. ಆ ಸಮಯಗಳು ಬಂದರುಗಳಿಗೆ ಸಂಬಂಧಿಸಿದವು; ಅಳಿವೆಯಿಂದ ಒಳಗೆ ಹೊಳೆಯುದ್ದಕ್ಕೂ ಹೋದಂತೆ ಭರತ ತಲುಪುವುದು ತಡವಾಗುತ್ತದೆ. ನಿಮ್ಮ ದಂಡೆಯಲ್ಲಿ ಎಷ್ಟು ತಡ ಎನ್ನುವುದನ್ನು ಮೂರು ನಾಲ್ಕು ಭೇಟಿಗಳಲ್ಲಿ ನೀವೇ ಗುರುತು ಮಾಡಿಕೊಳ್ಳಬೇಕು. ದಡದ ಒಂದು ಕಲ್ಲನ್ನೋ ದೋಣಿ ಕಟ್ಟುವ ಗೂಟವನ್ನೋ ಅಳತೆಗೆ ಇಟ್ಟುಕೊಂಡರೆ ಸಾಕು.

ನೀರು ಪೂರ್ತಿ ಇಳಿದಾಗ ಹೋದರೆ ಕೆಸರು ಬಯಲು ಕಣ್ಣಿಗೆಟುಕದಷ್ಟು ಹರಡಿಕೊಂಡಿರುತ್ತದೆ, ಹಕ್ಕಿಗಳು ದೂರದ ಅಂಚಿನಲ್ಲಿ ಚುಕ್ಕಿಗಳಂತೆ ಕಾಣುತ್ತವೆ. ಭರತ ಪೂರ್ತಿಯಾದಾಗ ಅವು ಮರಳ ಕೋಡಿಯ ತುದಿಯಲ್ಲಿ ಗುಂಪಾಗಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ವಿಶ್ರಮಿಸುತ್ತಿರುತ್ತವೆ. ಎಣಿಸಲು ಇದು ಸರಿಯಾದ ಹೊತ್ತು; ವರ್ತನೆಯನ್ನು ಗಮನಿಸಲು ಏನೂ ಸಿಗದು. ಅತ್ಯುತ್ತಮವಾದ ಅವಧಿ ನೀರು ಏರತೊಡಗಿದ ಮೇಲಿನ ಎರಡು ಮೂರು ಗಂಟೆಗಳು. ಆಗ ನೀವು ದಡದಲ್ಲಿ ಒಂದೆಡೆ ಕುಳಿತರೆ ಸಾಕು, ನೀರೇ ಹಕ್ಕಿಗಳನ್ನು ಹಂತಹಂತವಾಗಿ ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ಅವುಗಳ ಹಿಂದೆ ನಡೆದು ಹೋಗುವ ಅಗತ್ಯವೇ ಬೀಳುವುದಿಲ್ಲ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ನಾನು ಆರಂಭದ ವರ್ಷದಲ್ಲೇ ಅನುಭವಿಸಿದೆ. ಇಳಿತದ ಹೊತ್ತಿಗೆ ಮೊಣಕಾಲು ಮುಳುಗದ ನೀರನ್ನು ದಾಟಿ ಹೊಳೆಯ ನಡುವಿನ ಮರಳ ದಿಬ್ಬಕ್ಕೆ ಹೋಗಿ, ರೀವಗಳ (ಟರ್ನ್ ಹಕ್ಕಿಗಳ) ಗುಂಪೊಂದನ್ನು ನೋಡುತ್ತ ಮೈಮರೆತಿದ್ದೆ. ಹಿಂದಿರುಗಿ ನೋಡಿದಾಗ ನಾನು ದಾಟಿ ಬಂದಿದ್ದ ಜಾಗದಲ್ಲಿ ನೀರು ಎದೆಮಟ್ಟಕ್ಕೆ ಬಂದು ಸೆಳೆತ ಜೋರಾಗಿತ್ತು. ಬಲೆ ಎಳೆಯಲು ಬಂದಿದ್ದ ಹಿರಿಯ ಮೀನುಗಾರರೊಬ್ಬರು ಪಾತಿದೋಣಿಯಲ್ಲಿ ಬಂದು ನನ್ನನ್ನು ದಡ ಸೇರಿಸಿ, “ಹಕ್ಕಿ ಎದ್ದು ಹೋಗುವ ಮೊದಲು ನೀವು ಏಳಬೇಕು” ಎಂದರು. ಅಂದಿನಿಂದ ದಿಬ್ಬಗಳಿಗೆ ಕಾಲ್ನಡಿಗೆಯಲ್ಲಿ ಹೋಗುವುದನ್ನೇ ನಿಲ್ಲಿಸಿದ್ದೇನೆ. ಅಳಿವೆ ಬಾಗಿಲಿನಲ್ಲಿ ನೀರಿಗಿಳಿಯುವುದಂತೂ ಯಾರಿಗೂ ಸಲ್ಲದು.

ಬೆಳಕು, ಉಪಕರಣ, ಉಡುಗೆ

ನಮ್ಮ ಕಡಲು ಪಶ್ಚಿಮಕ್ಕಿದೆ ಎಂಬ ಸರಳ ಸಂಗತಿಯನ್ನು ಹಕ್ಕಿ ನೋಡುವವರು ಮರೆಯಕೂಡದು. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುವುದರಿಂದ ಕಡಲಿನತ್ತ ನೋಡಿದಾಗ ಹಕ್ಕಿಯ ಬಣ್ಣ, ಕಾಲು, ಕೊಕ್ಕು ಸ್ಪಷ್ಟವಾಗಿ ಕಾಣುತ್ತವೆ; ಸಂಜೆ ಅದೇ ಜಾಗದಲ್ಲಿ ಎಲ್ಲವೂ ಕಪ್ಪು ನೆರಳಾಗಿಬಿಡುತ್ತವೆ. ಕೋಡಿ ಬೆಂಗ್ರೆಯಂತೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಕಿರಿದಾದ ನೆಲದಲ್ಲಿ ಬೆಳಿಗ್ಗೆ ಕಡಲನ್ನೂ ಸಂಜೆ ಹೊಳೆಯನ್ನೂ ನೋಡುವುದು ಒಳ್ಳೆಯ ಪದ್ಧತಿ. ಒಂಬತ್ತೂವರೆ ದಾಟಿದ ಮೇಲೆ ಕಾದ ಮರಳಿನಿಂದೇಳುವ ಬಿಸಿಗಾಳಿಯಲ್ಲಿ ದೂರದ ಹಕ್ಕಿಗಳ ಆಕೃತಿ ನಡುಗತೊಡಗುತ್ತದೆ. ಎಷ್ಟು ಬೆಲೆಯ ದುರ್ಬೀನಿದ್ದರೂ ಅದಕ್ಕೆ ಪರಿಹಾರವಿಲ್ಲ.

ದುರ್ಬೀನು 8x42 ಅಳತೆಯದ್ದಾದರೆ, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂದಿನ ಮಸೂರದ್ದಾದರೆ ಸಾಕು. ಹತ್ತು ಪಟ್ಟಿನದು ಹೆಚ್ಚು ಹತ್ತಿರಕ್ಕೆ ತಂದರೂ ಕಡಲ ಗಾಳಿಗೆ ಕೈ ಅಲುಗಿದಾಗ ಹೆಚ್ಚು ನಡುಗುತ್ತದೆ, ನೋಟದ ಅಗಲವೂ ಕಿರಿದು. ಒಂದೆರಡು ವರ್ಷ ಕಳೆದು ಆಸಕ್ತಿ ಗಟ್ಟಿಯಾದ ಮೇಲೆ 20ರಿಂದ 60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಮತ್ತು ಭಾರದ ಟ್ರೈಪಾಡ್ ಕೊಳ್ಳುವ ಯೋಚನೆ ಮಾಡಬಹುದು. ಅಳಿವೆಯಂತಹ ವಿಶಾಲವಾದ ಜಾಗದಲ್ಲಿ ಅದಕ್ಕೆ ನಿಜವಾಗಿಯೂ ಕೆಲಸವಿದೆ. ಮನೆಗೆ ಬಂದ ಕೂಡಲೇ ಉಪ್ಪಿನ ಹನಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಮಸೂರದ ಮೇಲಿನ ಮರಳನ್ನು ಮೊದಲು ಊದಿ ತೆಗೆಯದೆ ಉಜ್ಜಬಾರದು. ಮಣ್ಣಿನ ಬಣ್ಣದ ಉಡುಪು, ಅಗಲ ಅಂಚಿನ ಟೋಪಿ, ನೀರು, ಮತ್ತು ಚಿಪ್ಪು ಕೊಯ್ಯದಂತಹ ಗಟ್ಟಿ ಚಪ್ಪಲಿ ಜೊತೆಗಿರಲಿ.

ಯಾವ ತಿಂಗಳಲ್ಲಿ ಏನು

ಮಧ್ಯ ಏಷ್ಯಾದ ವಲಸೆ ಹಾದಿಯಲ್ಲಿ ಬರುವ ಹಕ್ಕಿಗಳು ನಾವು ಅಂದುಕೊಳ್ಳುವುದಕ್ಕಿಂತ ಮೊದಲೇ ತಲುಪುತ್ತವೆ. ಮಳೆ ಇನ್ನೂ ಬಿಡದ ಆಗಸ್ಟಿನಲ್ಲೇ ಸ್ಯಾಂಡ್ ಪ್ಲವರ್ ಎಂಬ ಪುಟ್ಟ ಹಕ್ಕಿಗಳ ಮೊದಲ ಗುಂಪುಗಳು ಕಾಣಿಸಿಕೊಳ್ಳುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಸಂಖ್ಯೆ ಹೆಚ್ಚು. ಕಲಿಯುವವರಿಗೆ ಮಾತ್ರ ನಾನು ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರಗಳನ್ನು ಶಿಫಾರಸು ಮಾಡುತ್ತೇನೆ: ಚಳಿಗಾಲವೆಲ್ಲ ಬೂದುಬಣ್ಣದಲ್ಲಿ ಒಂದರಂತೆ ಇನ್ನೊಂದು ಕಾಣುತ್ತಿದ್ದ ಹಕ್ಕಿಗಳು ಆಗ ಮರಿಮಾಡುವ ಕಾಲದ ಗರಿ ತೊಡತೊಡಗುತ್ತವೆ. ಸ್ಯಾಂಡ್ ಪ್ಲವರ್‌ಗಳ ಎದೆ ಇಟ್ಟಿಗೆಗೆಂಪಾಗುತ್ತದೆ, ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಇಡೀ ಮೈ ಕೆಂಪೇರುತ್ತದೆ, ಗ್ರೇ ಪ್ಲವರ್‌ನ ಹೊಟ್ಟೆ ಕಪ್ಪಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಅವಧಿಯಲ್ಲಿ ಕಡಲು ಒರಟಾಗಿರುತ್ತದೆ, ತೀರ ನಿರ್ಜನವಾಗಿರುತ್ತದೆ. ಈ ದಿನಗಳಲ್ಲಿ ಬಿರುಗಾಳಿಗೆ ಸಿಕ್ಕಿ ಸುಸ್ತಾದ ಆಳ ಸಮುದ್ರದ ಹಕ್ಕಿಗಳು, ಉದಾಹರಣೆಗೆ ಬ್ರೈಡಲ್ಡ್ ಟರ್ನ್, ನಾಡ್ಡಿ, ಮಾಸ್ಕ್ಡ್ ಬೂಬಿ ಮುಂತಾದವು ದಡಕ್ಕೆ ಬಂದು ಬೀಳುವುದುಂಟು. ತೀರದಲ್ಲಿ ದೊಡ್ಡ ಅಲೆಗಳಿಂದ ದೂರ ನಿಂತು ನೋಡಿದರೂ ಬೇರೆ ತಿಂಗಳುಗಳಲ್ಲಿ ಕಾಣದ್ದು ಕಾಣಸಿಗಬಹುದು.

ಗುರುತಿಸುವುದು: ಮೊದಲು ನಡಿಗೆ, ಆಮೇಲೆ ಬಣ್ಣ

ಕೆಸರಿನಲ್ಲಿ ಓಡಾಡುವ ಗೊರವಗಳ ಬಳಗ ಹೊಸಬರನ್ನು ಕಂಗೆಡಿಸುತ್ತದೆ. ಕೈಪಿಡಿ ತೆರೆದು ಬಣ್ಣ ಹುಡುಕುವುದಕ್ಕಿಂತ ಮೊದಲು ಹತ್ತು ನಿಮಿಷ ಅವು ಹೇಗೆ ನಡೆಯುತ್ತವೆ, ಹೇಗೆ ತಿನ್ನುತ್ತವೆ ಎಂದು ಸುಮ್ಮನೆ ನೋಡಿ. ಪ್ಲವರ್ ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಕಣ್ಣಿನಿಂದ ಗುರುತಿಸಿ ಒಮ್ಮೆ ಕುಕ್ಕುತ್ತದೆ. ಹಾಗಾಗಿಯೇ ಅದಕ್ಕೆ ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಸ್ಯಾಂಡ್‌ಪೈಪರ್ ಜಾತಿಯವು ತಲೆ ತಗ್ಗಿಸಿಕೊಂಡೇ ಕೊಕ್ಕಿನಿಂದ ಕೆಸರನ್ನು ತಡಕಾಡುತ್ತವೆ. ಸ್ಯಾಂಡರ್‌ಲಿಂಗ್ ತೆರೆ ಹಿಂದೆ ಸರಿದಾಗ ಅದರ ಹಿಂದೆ ಓಡಿ, ತೆರೆ ಮುಂದೆ ಬಂದಾಗ ಅದಕ್ಕಿಂತ ಮುಂದೆ ಓಡಿ ಬರುತ್ತದೆ. ಟೆರೆಕ್ ಸ್ಯಾಂಡ್‌ಪೈಪರ್‌ಗೆ ಮೇಲಕ್ಕೆ ಬಾಗಿದ ಕೊಕ್ಕು, ಕಿತ್ತಳೆ ಛಾಯೆಯ ಕಾಲು, ಮತ್ತು ಏಡಿಯ ಬೆನ್ನುಹತ್ತಿ ಅತ್ತಿತ್ತ ಧಾವಿಸುವ ಸ್ವಭಾವ. ಬಂಡೆಗಳ ನಡುವೆ ಸಣ್ಣ ಕಲ್ಲು, ಚಿಪ್ಪು, ಪಾಚಿಯನ್ನು ಮಗುಚುತ್ತಿರುವ ಗಿಡ್ಡ ಕಿತ್ತಳೆ ಕಾಲಿನ ಹಕ್ಕಿ ಕಂಡರೆ ಅದು ಟರ್ನ್‌ಸ್ಟೋನ್.

ಒಂದು ಬೆಳಿಗ್ಗೆ ಕಾಂಡ್ಲಾ ಗಿಡಗಳ ಬುಡದಲ್ಲಿ ಕುಳಿತಿದ್ದಾಗ ನನ್ನಿಂದ ಇಪ್ಪತ್ತು ಅಡಿ ದೂರದಲ್ಲಿ ಒಂದು ವಿಂಬ್ರೆಲ್ ಏಡಿ ಹಿಡಿದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿದ ಕೊಕ್ಕನ್ನು ಬಿಲದೊಳಗೆ ಕಣ್ಣಿನ ತನಕ ಇಳಿಸಿ, ತಲೆಯನ್ನು ಒಂದು ಬದಿಗೆ ಹೊರಳಿಸಿ, ಏಡಿಯನ್ನು ಎಳೆದು ತೆಗೆಯಿತು. ಆಮೇಲೆ ಅದನ್ನು ಬಲವಾಗಿ ಕೊಡವುತ್ತ ಕಾಲುಗಳನ್ನು ಒಂದೊಂದಾಗಿ ಉದುರಿಸಿ, ನೀರಿನಲ್ಲಿ ಅದ್ದಿ, ಉಳಿದ ಮೈಯನ್ನು ನುಂಗಿತು. ಬಿದ್ದ ಕಾಲುಗಳನ್ನೂ ಹೆಕ್ಕಿಕೊಂಡಿತು. ಆ ಕೊಕ್ಕಿನ ಬಾಗು ಮತ್ತು ಏಡಿಯ ಬಿಲದ ಬಾಗು ಒಂದಕ್ಕೊಂದು ಹೊಂದುವುದನ್ನು ಅಷ್ಟು ಹತ್ತಿರದಿಂದ ನೋಡಿದವರಿಗೆ ಆ ಹಕ್ಕಿಯ ಹೆಸರು ಮರೆಯುವ ಸಂಭವವಿಲ್ಲ. ನೆತ್ತಿಯ ಮೇಲೆ ಕಪ್ಪು-ಬಿಳಿ ಪಟ್ಟೆಗಳಿದ್ದರೆ ವಿಂಬ್ರೆಲ್. ಪಟ್ಟೆಯಿಲ್ಲದೆ, ಇನ್ನೂ ದೊಡ್ಡದಾಗಿ, ತಲೆಯ ಉದ್ದಕ್ಕಿಂತ ಎಷ್ಟೋ ಪಾಲು ಉದ್ದವಾದ ಕೊಕ್ಕಿದ್ದರೆ ಕರ್ಲ್ಯೂ.

ಸಣ್ಣ ಪ್ಲವರ್‌ಗಳಲ್ಲಿ ಕತ್ತಿನ ಹಿಂಭಾಗದಲ್ಲಿ ಬಿಳಿ ಪಟ್ಟಿ ಪೂರ್ತಿ ಸುತ್ತಿದ್ದರೆ ಕೆಂಟಿಶ್ ಪ್ಲವರ್, ಇಲ್ಲದಿದ್ದರೆ ಸ್ಯಾಂಡ್ ಪ್ಲವರ್ ಎಂಬ ಮೊದಲ ಭೇದವನ್ನು ಗಟ್ಟಿಮಾಡಿಕೊಳ್ಳಿ. ಹಳೆಯ ಕೈಪಿಡಿಗಳಲ್ಲಿರುವ ಲೆಸ್ಸರ್ ಸ್ಯಾಂಡ್ ಪ್ಲವರ್ ಅನ್ನು ಇತ್ತೀಚೆಗೆ ಎರಡು ಪ್ರಭೇದಗಳಾಗಿ ವಿಂಗಡಿಸಲಾಗಿದ್ದು, ನಮ್ಮ ತೀರಕ್ಕೆ ಬರುವುದನ್ನು ಈಗ ಟಿಬೆಟನ್ ಸ್ಯಾಂಡ್ ಪ್ಲವರ್ ಎಂದು ಕರೆಯುತ್ತಾರೆ. ಅದನ್ನು ಗ್ರೇಟರ್ ಸ್ಯಾಂಡ್ ಪ್ಲವರ್‌ನಿಂದ ಬೇರ್ಪಡಿಸಲು ಕೊಕ್ಕಿನ ಉದ್ದ-ದಪ್ಪ ಮತ್ತು ಕಾಲಿನ ಉದ್ದವನ್ನು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದಂತೆ ಹೋಲಿಸಬೇಕಾಗುತ್ತದೆ. ಸಂದೇಹವಿದ್ದರೆ “ಸ್ಯಾಂಡ್ ಪ್ಲವರ್” ಎಂದಷ್ಟೇ ಬರೆದುಕೊಳ್ಳುವುದು ಪ್ರಾಮಾಣಿಕವಾದ ದಾರಿ. ಕೆಂಪು ಕಾಲಿನ ರೆಡ್‌ಶ್ಯಾಂಕ್ ಹಾರಿದಾಗ ರೆಕ್ಕೆಯ ಹಿಂಬದಿಯಲ್ಲಿ ಅಗಲವಾದ ಬಿಳಿ ಅಂಚು ಮಿಂಚುತ್ತದೆ, ಅದೊಂದೇ ಸಾಕು.

ಕಡಲಕ್ಕಿಗಳಲ್ಲಿ ಸಾಮಾನ್ಯವಾಗಿ ಸಿಗುವವು ಬ್ರೌನ್-ಹೆಡೆಡ್ ಮತ್ತು ಬ್ಲ್ಯಾಕ್-ಹೆಡೆಡ್ ಗಲ್. ಹೆಸರಿನಲ್ಲಿರುವ ತಲೆಯ ಬಣ್ಣ ಚಳಿಗಾಲದಲ್ಲಿ ಎರಡಕ್ಕೂ ಇರುವುದಿಲ್ಲ, ಕಿವಿಯ ಬಳಿ ಒಂದು ಕಪ್ಪು ಮಚ್ಚೆ ಮಾತ್ರ ಉಳಿದಿರುತ್ತದೆ. ಬೆಳೆದ ಬ್ರೌನ್-ಹೆಡೆಡ್‌ಗೆ ಮಾಸಲು ಬಿಳಿಯ ಕಣ್ಣುಪಾಪೆ ಮತ್ತು ಕಪ್ಪು ರೆಕ್ಕೆತುದಿಯೊಳಗೆ ಬಿಳಿ ಚುಕ್ಕೆ ಇರುತ್ತದೆ. ಇನ್ನೊಂದಕ್ಕೆ ಕಡುಬಣ್ಣದ ಕಣ್ಣು, ರೆಕ್ಕೆಯ ಮುಂಭಾಗದಲ್ಲಿ ಬಿಳಿ ಪಟ್ಟೆ. ರೀವಗಳನ್ನು ಕೊಕ್ಕಿನಿಂದಲೇ ಗುರುತಿಸಬಹುದು: ಕಿತ್ತಳೆ ಕೊಕ್ಕಿನದು ಲೆಸ್ಸರ್ ಕ್ರೆಸ್ಟೆಡ್, ಹಳದಿ ಕೊಕ್ಕಿನ ದೊಡ್ಡದು ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿಯಿದ್ದರೆ ಸ್ಯಾಂಡ್‌ವಿಚ್, ದಪ್ಪನೆಯ ಕಪ್ಪು ಕೊಕ್ಕಿನದು ಗಲ್-ಬಿಲ್ಡ್, ಎಲ್ಲಕ್ಕಿಂತ ದೊಡ್ಡದಾಗಿ ಕೆಂಪು ಕೊಕ್ಕಿದ್ದರೆ ಕ್ಯಾಸ್ಪಿಯನ್. ದಡದಲ್ಲಿ ನಿಂತು ಕೈಯಿಂದ ಎಳೆಯುವ ದೊಡ್ಡ ಕೈರಂಪಣಿ ಬಲೆಯನ್ನು ಎಳೆಯುವ ಹೊತ್ತಿಗೆ ಇವೆಲ್ಲ ಗರುಡ, ಹದ್ದುಗಳ ಜೊತೆಗೆ ಒಂದೇ ಕಡೆ ಮುತ್ತುವುದರಿಂದ ಮೀನುಗಾರರಿಗೆ ಅಡ್ಡಿಯಾಗದಂತೆ ಬದಿಗೆ ನಿಂತು ನೋಡಿದರೆ ಹೋಲಿಕೆಗೆ ಅನುಕೂಲ.

ಗರುಡಕ್ಕಿಂತ ಬಹಳ ದೊಡ್ಡದಾದ, ತಲೆ ಮತ್ತು ಹೊಟ್ಟೆ ಅಚ್ಚಬಿಳಿಯಾದ, ಬೂದು ರೆಕ್ಕೆಗಳನ್ನು ಆಳವಾದ ‘ವಿ’ ಆಕಾರದಲ್ಲಿ ಎತ್ತಿ ತೇಲುವ ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದಲ್ಲೂ ಹೊನ್ನಾವರದ ಸುತ್ತಿನ ಎತ್ತರದ ಮರಗಳಲ್ಲೂ ಇದು ಗೂಡು ಕಟ್ಟುತ್ತದೆ. ಮೀನಿನ ಜೊತೆಗೆ ಕಡಲ ಹಾವುಗಳನ್ನೂ ಹಿಡಿದೊಯ್ಯುತ್ತದೆ. ವರ್ಷವರ್ಷವೂ ಅದೇ ಗೂಡಿಗೆ ಮರಳುವ ಈ ಹಕ್ಕಿಯ ಮರವನ್ನು ಯಾರಿಗೂ ಸಾರ್ವಜನಿಕವಾಗಿ ತಿಳಿಸಬೇಡಿ.

ಹಕ್ಕಿಗಳ ಆಚೆಗೆ

ನೀರು ಏರಲು ಕಾಯುವ ಹೊತ್ತಿನಲ್ಲಿ ಕೆಸರನ್ನೇ ನೋಡಿ. ಒಂದು ಕೊಂಬು ಮಾತ್ರ ದೊಡ್ಡದಿರುವ ಗಂಡು ಫಿಡ್ಲರ್ ಏಡಿ ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತಿರುತ್ತದೆ, ಕಾಂಡ್ಲಾ ಬೇರುಗಳ ನಡುವೆ ಮಡ್‌ಸ್ಕಿಪ್ಪರ್ ಮೀನುಗಳು ಕುಪ್ಪಳಿಸುತ್ತಿರುತ್ತವೆ. ಹೊನ್ನಾವರದ ಬಳಿಯ ಶರಾವತಿ ಕಾಂಡ್ಲಾವನದಲ್ಲಿ ಹಾಕಿರುವ ನಡಿಗೆ ಹಾದಿಯಿಂದ ಇದನ್ನು ಕೆಸರು ತುಳಿಯದೆ ನೋಡಬಹುದು. ಬಂಡೆಯ ಮೇಲೆ ಮೀನಿನ ಪೊರೆ ಮತ್ತು ಏಡಿಯ ಚಿಪ್ಪು ತುಂಬಿದ ಹಿಕ್ಕೆ ಕಂಡರೆ ನೀರುನಾಯಿಗಳು ಓಡಾಡುವ ಜಾಗವೆಂದು ತಿಳಿಯಿರಿ. ನಸುಕಿನಲ್ಲಿ ಅಲ್ಲಿಗೆ ಎದುರಿನ ದಂಡೆಯಲ್ಲಿ ಸದ್ದಿಲ್ಲದೆ ಕಾಯಬೇಕು.

ಡಾಲ್ಫಿನ್‌ಗಳನ್ನು ನೋಡಲು ಗಾಳಿ ಏಳುವ ಮೊದಲಿನ ಶಾಂತವಾದ ಬೆಳಗಿನ ಕಡಲು ಬೇಕು. ಕಾಳಿ ನದಿ ಕಡಲು ಸೇರುವ ದೇವಬಾಗದ ಆಸುಪಾಸು ಇದಕ್ಕೆ ಹೆಸರಾಗಿದೆ. ಅಳಿವೆಗಳ ಸಮೀಪದ ಆಳವಿಲ್ಲದ ನೀರಿನಲ್ಲಿ ಇರುವುದು ಹಂಪ್‌ಬ್ಯಾಕ್ ಡಾಲ್ಫಿನ್. ಉದ್ದನೆಯ ಮೂತಿ ಮೊದಲು ಹೊರಬಂದು, ಹಿಂದೆಯೇ ಗೂನಿನ ಮೇಲೆ ಕುಳಿತ ಸಣ್ಣ ರೆಕ್ಕೆ ಕಾಣುತ್ತದೆ. ದೋಣಿಯಲ್ಲಿದ್ದರೆ ಬೆನ್ನಟ್ಟಿ ಹೋಗದಂತೆ, ಸುತ್ತುವರಿಯದಂತೆ ದೋಣಿಯವರಿಗೆ ಮೊದಲೇ ಹೇಳಿಡಿ.

ಡಿಸೆಂಬರಿನಿಂದ ಮಾರ್ಚ್‌ವರೆಗಿನ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಮರಳಿಗೆ ಬರುತ್ತವೆ. ಹೊನ್ನಾವರದ ಕಾಸರಕೋಡು-ಟೊಂಕಾ ತೀರ ಇದಕ್ಕೆ ಚಿರಪರಿಚಿತ. ಒಂದು ಗೂಡಿನಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆಗಳಿರಬಹುದು, ಮರಿಗಳು 45ರಿಂದ 60 ದಿನಗಳಲ್ಲಿ ಹೊರಬರುತ್ತವೆ. ಬೆಳಿಗ್ಗೆ ಮೊದಲು ನಡೆಯುವವರಿಗೆ ನೀರಿನಿಂದ ಮೇಲೇರಿ ಮತ್ತೆ ನೀರಿಗೆ ಮರಳಿದ, ಎಡ-ಬಲ ರೆಕ್ಕೆಗಳ ಗುರುತು ಒಂದರ ನಂತರ ಒಂದಾಗಿ ಮೂಡಿದ ಅಗಲ ಜಾಡು ಸಿಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿಯಿದು. ಗೂಡನ್ನು ಕೆದಕದೆ, ಜಾಡನ್ನು ಅಳಿಸದೆ, ಸ್ಥಳೀಯ ಅರಣ್ಯ ಸಿಬ್ಬಂದಿಗೆ ತಿಳಿಸಿ. ರಾತ್ರಿ ಟಾರ್ಚ್ ಅಥವಾ ಮೊಬೈಲ್ ಬೆಳಕು ಹಾಯಿಸಿದರೆ ತಾಯಿ ಮೊಟ್ಟೆಯಿಡದೆ ಹಿಂದಿರುಗುತ್ತದೆ, ಮರಿಗಳು ದಿಕ್ಕು ತಪ್ಪುತ್ತವೆ. ಬಲೆಯಿಂದ ಹೊರಬಿದ್ದ ಕಡಲ ಹಾವು ಸತ್ತಂತೆ ಕಂಡರೂ ಮುಟ್ಟಬಾರದು; ಅವು ಕಡುವಿಷದ ಹಾವುಗಳು.

ದಂಡೆಯ ಮೇಲಿನ ನಡವಳಿಕೆ

ವಿಶ್ರಮಿಸುತ್ತಿರುವ ಗುಂಪಿನಲ್ಲಿ ಒಂದೆರಡು ಹಕ್ಕಿಗಳು ಕತ್ತು ಚಾಚಿ ನಿಮ್ಮತ್ತ ನೋಡತೊಡಗಿದರೆ ಅಲ್ಲಿಯೇ ನಿಲ್ಲಬೇಕು, ಇನ್ನೊಂದು ಹೆಜ್ಜೆ ಇಟ್ಟರೆ ಗುಂಪೇ ಏಳುತ್ತದೆ. ಹಾರುವ ಹಕ್ಕಿಗಳ ಒಂದು ಚಿತ್ರಕ್ಕಾಗಿ ಬೇಕೆಂದೇ ಗುಂಪನ್ನು ಎಬ್ಬಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಿಮಾಲಯವನ್ನು ದಾಟಿ ಮರಳಬೇಕಾದ ಹಕ್ಕಿ ಮಾರ್ಚ್‌ನಲ್ಲಿ ಕೂಡಿಡುವ ಕೊಬ್ಬೇ ಅದರ ದಾರಿಯ ಬುತ್ತಿ. ಪ್ರತಿ ಸಲ ಎಬ್ಬಿಸಿದಾಗಲೂ ಅದರಲ್ಲಿ ಸ್ವಲ್ಪ ಖರ್ಚಾಗುತ್ತದೆ. ನಾಯಿಯನ್ನು ಜೊತೆಗೆ ಕರೆದೊಯ್ಯಬೇಡಿ, ಡ್ರೋನ್ ಹಾರಿಸಬೇಡಿ. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ ಮತ್ತು ಬಂದರುಗಳ ಸಮೀಪ ದುರ್ಬೀನು, ಕ್ಯಾಮೆರಾ ಹೊರತೆಗೆಯದಿರುವುದು ಕ್ಷೇಮ.

ಬರೆದಿಡುವುದು

ಪ್ರತಿ ಭೇಟಿಯಲ್ಲೂ ದಿನಾಂಕ, ಹೊತ್ತು, ನೀರಿನ ಸ್ಥಿತಿ, ಗಾಳಿ, ಪ್ರಭೇದ ಮತ್ತು ಸಂಖ್ಯೆಯನ್ನು ಸ್ಥಳದಲ್ಲೇ ಬರೆದುಕೊಳ್ಳಿ. ದೊಡ್ಡ ಗುಂಪನ್ನು ಎಣಿಸುವಾಗ ಮೊದಲು ಹತ್ತು ಹಕ್ಕಿಗಳು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿ, ಅಂತಹ ಎಷ್ಟು ಭಾಗಗಳಿವೆಯೆಂದು ನೋಡಿ, ಎಡದಿಂದ ಬಲಕ್ಕೊಮ್ಮೆ ಬಲದಿಂದ ಎಡಕ್ಕೊಮ್ಮೆ ಎಣಿಸಿ ಹೋಲಿಸಬೇಕು. ಈ ಪಟ್ಟಿಗಳನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದರೆ ಅವು ನಿಮ್ಮ ಪುಸ್ತಕದಾಚೆಗೂ ಉಪಯೋಗಕ್ಕೆ ಬರುತ್ತವೆ. ಪ್ರತಿ ಜನವರಿಯಲ್ಲಿ ನಡೆಯುವ, 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿಗೆ ನಿಮ್ಮ ಅಳಿವೆಯ ಲೆಕ್ಕವನ್ನು ಕೊಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದೇ ಜಾಗದ ಹಲವು ವರ್ಷಗಳ ಎಣಿಕೆಯಿಂದ ಮಾತ್ರ ಹಕ್ಕಿಗಳು ಕಡಿಮೆಯಾಗುತ್ತಿವೆಯೇ ಎಂಬುದು ತಿಳಿಯುತ್ತದೆ.

ಗೊರವಗಳ ಕಾಲಿನಲ್ಲಿ ಬಣ್ಣದ ಪುಟ್ಟ ಪಟ್ಟಿ ಅಥವಾ ಲೋಹದ ಬಳೆ ಕಂಡರೆ ಅದು ಯಾವ ಕಾಲಿನಲ್ಲಿದೆ, ಮೊಣಕಾಲಿಗಿಂತ ಮೇಲೋ ಕೆಳಗೋ, ಬಣ್ಣ ಯಾವುದು, ಅದರ ಮೇಲೆ ಯಾವ ಅಕ್ಷರ-ಅಂಕಿಗಳಿವೆ ಎಂಬುದನ್ನು ಬರೆದುಕೊಂಡು, ಸಾಧ್ಯವಾದರೆ ಚಿತ್ರವನ್ನೂ ತೆಗೆದು, ಭಾರತದಲ್ಲಿ ಹಕ್ಕಿಗಳಿಗೆ ಬಳೆ ತೊಡಿಸುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ. ಚಿತ್ರ ತೆಗೆಯಲೆಂದು ಹತ್ತಿರ ಹೋಗಬೇಕಿಲ್ಲ. ನೀರು ಏರುವ ತನಕ ಕುಳಿತಲ್ಲೇ ಕಾದರೆ ಅಕ್ಷರ ಓದುವಷ್ಟು ಸಮೀಪಕ್ಕೆ ಹಕ್ಕಿಯೇ ಬರುತ್ತದೆ.